ಖಾನೆಯೊಳಗಿನ ಸಕ್ಕರೆ ಪೊಟ್ಟಣ

ಕಲಬುರಗಿ ನಗರದ ಹಾಗೂ ಕಮಲಾಪುರ ತಾಲ್ಲೂಕಿನ ನನ್ನ ಶಿಕ್ಷಕ ಬಂಧುಗಳಿಗೆ, ಅತಿಥಿ ಶಿಕ್ಷಕರಿಗೆ, ಬಿಸಿಯೂಟದ ಅಡುಗೆಯ ತಾಯಂದಿರಿಗೆ,

ನಾನು ಸ್ಟೇಶನ್ ಬಜಾರದಲ್ಲಿ ಇರುವವಳು. ಬೆಳಿಗ್ಗೆ ಎಂಟರ ಬಸ್ಸು ಹಿಡಿದು, ಮಹಾಗಾಂವ ಕ್ರಾಸ್ ದಾಟಿ, ಕಮಲಾಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಅದರಲ್ಲಿ ಮೊದಲ ನಾಲ್ಕು ವರ್ಷ ಶಾಲೆಯಲ್ಲಿ ಒಂದು ನರಪಿಳ್ಳೆಗೂ ಹೇಳಲಿಲ್ಲ. ಆ ನಾಲ್ಕು ವರ್ಷ ಮುಚ್ಚಿಟ್ಟದ್ದರಿಂದ ನನಗೆ ಏನಾಯಿತು, ನನ್ನ ಮಕ್ಕಳಿಗೆ ಏನಾಯಿತು ಎಂಬುದನ್ನು ನಿಮ್ಮೆದುರು ಇಡಬೇಕು ಎನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಈಗಲೂ ಬ್ಯಾಗಿನ ಒಳಜೇಬಿನಲ್ಲಿ ಗುಳಿಗೆ ಬಚ್ಚಿಟ್ಟು, ಯಾರೂ ಇಲ್ಲದಾಗ ನುಂಗುತ್ತೀರಿ. ಅದು ನನಗೆ ಗೊತ್ತು. ನಾನೂ ಹಾಗೇ ಮಾಡಿದವಳು.

ಏಳು ವರ್ಷದ ಹಿಂದಿನ ಮಾತು. ಡಿಸೆಂಬರಿನ ಒಂದು ಮಂಗಳವಾರ, ಏಳುವುದೇ ತಡವಾಯಿತು. ಗ್ಲಿಮೆಪಿರೈಡ್ ಗುಳಿಗೆ ನುಂಗಿ, ರೊಟ್ಟಿ ಡಬ್ಬಿಗೆ ಹಾಕಿಕೊಂಡು, ಶಾಲೆಗೆ ಹೋಗಿ ತಿಂದರಾಯಿತೆಂದು ಬಸ್ಸಿಗೆ ಓಡಿದೆ. ಶಾಲೆ ಮುಟ್ಟಿದಾಗ ಪ್ರಾರ್ಥನೆ ನಡೆದಿತ್ತು. ಗಣಿತದ ಸರ್ ತರಬೇತಿಗೆ ಹೋಗಿದ್ದರಿಂದ ಅವರ ಪಿರಿಯಡ್ಡೂ ನನ್ನ ಪಾಲಿಗೆ ಬಂತು. ಡಬ್ಬಿ ಸ್ಟಾಫ್ ರೂಮಿನ ಕಿಟಕಿಯಲ್ಲೇ ಉಳಿಯಿತು. ಮೂರನೆಯ ಪಿರಿಯಡ್ಡು ಒಂಬತ್ತನೆಯ ತರಗತಿಗೆ ಸಂಧಿಯ ಪಾಠ. ಬೋರ್ಡಿನ ಮೇಲಿನ ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಇಳಿಜಾರಿಗೆ ಬಿತ್ತು. ಚಳಿಗಾಲದಲ್ಲಿ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ಏನೋ ಕೇಳಿದ. ಲೋಪಸಂಧಿಗೆ ಇನ್ನೊಂದು ಉದಾಹರಣೆ ಕೊಡ್ರಿ ಅಂತ ಕೇಳಿದ್ದನಂತೆ. ನನಗೆ ಅವನು ನನ್ನನ್ನು ಅಣಕಿಸಿದ ಹಾಗೆ ಕೇಳಿಸಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಮಗುವಿಗೂ ಆಡದ ಮಾತನ್ನು ಅವನಿಗೆ ಆಡಿದೆ. ಅವನ ಮನೆ, ಅವನ ಅಪ್ಪನ ಕೆಲಸ ಎಲ್ಲ ಎಳೆದು ತಂದೆನಂತೆ. ನನಗೆ ಅರ್ಧ ಮಾತ್ರ ನೆನಪಿದೆ.

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ ಕೈ ನಡಗ್ಲತ್ತಾವ, ನಮ್ಮ ಆಯಿಗಿ ಹಿಂಗೇ ಆಗ್ತದ" ಎಂದವಳೇ ಅಡುಗೆ ಕೋಣೆಗೆ ಓಡಿದಳು. ಬಿಸಿಯೂಟದ ತಾಯಿ ಒಂದು ತಂಬಿಗೆಯಲ್ಲಿ ಬೆಲ್ಲ ಕಲಸಿದ ನೀರು ತಂದರು. ಬಂದ ಬೀಗರಿಗೆ ಬೆಲ್ಲ-ನೀರು ಕೊಡುವ ನಾಡು ನಮ್ಮದು, ಆ ತಂಬಿಗೆ ಅವತ್ತು ನನ್ನ ಜೀವ ಹಿಡಿಯಿತು. ಕಾಲು ತಾಸಿನಲ್ಲಿ ಕಣ್ಣು ತಿಳಿಯಾಯಿತು. ಮುಖ್ಯೋಪಾಧ್ಯಾಯರು ಬಂದು ಏನಾಯಿತೆಂದು ಕೇಳಿದರೆ, ಆಗಲೂ ಸುಳ್ಳೇ ಹೇಳಿದೆ: ನಾಷ್ಟಾ ಮಾಡಿರಲಿಲ್ಲ, ತಲೆ ತಿರುಗಿತು ಅಂತ.

ಮರುದಿನ ಆ ಹುಡುಗನನ್ನು ಕರೆದು ತಪ್ಪಾಯಿತು ಎಂದೆ. "ಇರ್ಲಿ ಬಿಡ್ರಿ ಅಕ್ಕೋರ" ಎಂದು ತಲೆ ತಗ್ಗಿಸಿದ. ಆದರೆ ಆ ವರ್ಷ ಮುಗಿಯುವವರೆಗೂ ಅವನು ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದಕ್ಕೂ ಮೊದಲು ದಿನಕ್ಕೆ ಎರಡು ಪ್ರಶ್ನೆ ಕೇಳುತ್ತಿದ್ದ ಹುಡುಗ. ನನ್ನ ರಕ್ತದಲ್ಲಿ ಸಕ್ಕರೆ ಇಳಿದದ್ದಕ್ಕೆ ಒಂದು ಮಗುವಿನ ಬಾಯಿ ಮುಚ್ಚಿತು. ಅವತ್ತಿನ ನಂತರ ಮುಚ್ಚಿಡುವುದು ಸಾಕು ಎಂದು ತೀರ್ಮಾನಿಸಿದೆ. ಆ ವಾರವೇ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ವಿಜ್ಞಾನದ ಸರ್ ತಮ್ಮ ಬ್ಯಾಗು ತೆಗೆದು ತಮ್ಮ ಗುಳಿಗೆ ಟೇಬಲ್ಲಿನ ಮೇಲೆ ಇಟ್ಟರು. ಒಂದೇ ಕೋಣೆಯಲ್ಲಿ ಆರು ವರ್ಷ ಎದುರು-ಬದುರು ಕುಳಿತಿದ್ದೆವು. ಇಬ್ಬರಿಗೂ ಇದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ.

ನಾವು ಯಾಕೆ ಮುಚ್ಚಿಡುತ್ತೇವೆ? ಕೆಲಸ ತಪ್ಪಿಸಿಕೊಳ್ಳಲು ನೆಪ ಹೂಡುತ್ತಾರೆ ಅಂದಾರು ಎಂಬ ಅಂಜಿಕೆ. ಮಗಳ ಮದುವೆಯ ಮಾತು ನಡೆದಿದ್ದರೆ, ಮನೆತನದಲ್ಲಿ ಸಕ್ಕರೆ ಬ್ಯಾನಿ ಅದ ಅಂತ ಬೀಗರ ಕಿವಿಗೆ ಬಿದ್ದೀತು ಎಂಬ ಅಂಜಿಕೆ. ಹುಟ್ಟುಹಬ್ಬದ ಪೇಢೆ ಹಂಚುವಾಗ ನಮ್ಮನ್ನೊಬ್ಬರನ್ನೇ ಬಿಟ್ಟು ಮುಂದೆ ಹೋದರೆ ಆಗುವ ಸಂಕಟ. ಎಲ್ಲವೂ ನಿಜವೇ. ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಲೆಕ್ಕ ನೋಡಿ: ದೇಶದಲ್ಲಿ ಮಧುಮೇಹ ಇರುವವರು 10 ಕೋಟಿ 10 ಲಕ್ಷ, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ. ಇಷ್ಟು ಜನರಿಗೆ ಇರುವುದನ್ನು ನಾವು ಮುಚ್ಚಿಡುವುದಾದರೂ ಯಾರಿಂದ?

ಬೇರೆ ನೌಕರಿಯಲ್ಲಿ ಇರುವವರಿಗೂ ಈ ಬ್ಯಾನಿ ಬರುತ್ತದೆ. ಆದರೆ ನಮ್ಮ ಕಷ್ಟ ಬೇರೆ. ಆಫೀಸಿನಲ್ಲಿ ಕುಳಿತವರು ಹಸಿವಾದರೆ ಎದ್ದು ಹೋಗಬಹುದು. ನಲವತ್ತು ಮಕ್ಕಳನ್ನು ಬಿಟ್ಟು ನಾವು ಹೇಗೆ ಏಳುವುದು? ಏಕೋಪಾಧ್ಯಾಯ ಶಾಲೆಯಲ್ಲಿ ಇರುವ ನಮ್ಮ ತಮ್ಮ-ತಂಗಿಯರಿಗಂತೂ ನೀರು ಕುಡಿಯಲು ಹೊರಗೆ ಹೋಗುವುದೂ ಲೆಕ್ಕ. ನಮ್ಮ ಊಟ, ನಮ್ಮ ಬಾಯಾರಿಕೆ, ನಮ್ಮ ಕಾಲಿನ ನೋವು ಎಲ್ಲವೂ ವೇಳಾಪಟ್ಟಿಯ ಒಳಗೇ ಮುಗಿಯಬೇಕು. ರಕ್ತದ ಸಕ್ಕರೆಗೆ ಆ ವೇಳಾಪಟ್ಟಿ ಗೊತ್ತಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಹತ್ತು ಗಂಟೆಗೆ ಶಾಲೆ, ಶನಿವಾರ ಬೆಳಗಿನ ಶಾಲೆ. ಐದು ದಿನ ಎಂಟರ ಬಸ್ಸಿಗೆ ಮೊದಲು ಗುಳಿಗೆ ತೆಗೆದುಕೊಂಡು ಉಂಡ ಮೈ, ಶನಿವಾರ ಆರು ಗಂಟೆಗೇ ಬಸ್ಸಿಗೆ ನಿಲ್ಲಬೇಕು. ಸಕ್ಕರೆಯ ಅಂಕಿ ಬರೆದಿಡುವ ನನ್ನ ಪುಸ್ತಕ ತೆಗೆದು ನೋಡಿದರೆ ಸಕ್ಕರೆ ಇಳಿದ ದಿನಗಳಲ್ಲಿ ಶನಿವಾರವೇ ಹೆಚ್ಚು. ಇದನ್ನು ಡಾಕ್ಟರಿಗೆ ಹೇಳಿದ ಮೇಲೆ ಅವರು ಶನಿವಾರಕ್ಕೇ ಬೇರೆ ಹೊತ್ತು ಬರೆದುಕೊಟ್ಟರು. ನಾಲ್ಕು ವರ್ಷ ನಾನು ಅವರಿಗೆ ನನ್ನ ನೌಕರಿಯ ಹೊತ್ತನ್ನೇ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಮುಂದಿನ ಸಲ ದವಾಖಾನೆಗೆ ಹೋಗುವಾಗ ನಿಮ್ಮ ಶಾಲೆಯ ವೇಳಾಪಟ್ಟಿಯ ನಕಲು ಒಂದು ಹಿಡಿದುಕೊಂಡು ಹೋಗಿ.

ನೀವು ನುಂಗುವ ಗುಳಿಗೆಯ ಹೆಸರನ್ನು ತಿಳಿದುಕೊಳ್ಳಿ. "ಬಿಳೀ ಗುಳಿಗಿ, ಉದ್ದನ್ನ ಗುಳಿಗಿ" ಎಂದರೆ ಸಾಲದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥವು ಹಾಗಲ್ಲ. ಅವು ಮೇದೋಜೀರಕ ಗ್ರಂಥಿಯನ್ನು ಒತ್ತಿ ಇನ್ಸುಲಿನ್ ಹೊರಡಿಸುತ್ತವೆ, ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ನಾನು ಅವತ್ತು ಗುಳಿಗೆ ನುಂಗಿ ರೊಟ್ಟಿ ಮುಂದೂಡಿದ್ದು ಅದಕ್ಕೇ ಮೈಮೇಲೆ ಬಂತು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಎಚ್ಚರ ಬೇಕು. ನಾನೂ ಈಗ ಮೂರು ವರ್ಷದಿಂದ ರಾತ್ರಿ ಒಂದು ಹೊತ್ತು ತೆಗೆದುಕೊಳ್ಳುತ್ತೇನೆ. ಅದನ್ನು ಹೇಳಲು ಈಗ ನನಗೆ ಸಂಕೋಚವಿಲ್ಲ.

ಇನ್ನು ನೀರಿನ ಮಾತು. ಇದು ಮುಖ್ಯವಾಗಿ ನನ್ನ ಅಕ್ಕ-ತಂಗಿಯರಿಗೆ, ಆದರೆ ಸರ್‌ಗಳೂ ಓದಬೇಕು. ಎಷ್ಟು ಶಾಲೆಗಳಲ್ಲಿ ನಾವು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದೆ ಇರುತ್ತೇವೆ! ಶೌಚಾಲಯ ಇರುವುದಿಲ್ಲ, ಇದ್ದರೆ ಬೀಗ, ಬೀಗ ತೆಗೆದರೆ ನೀರಿಲ್ಲ. ಸಕ್ಕರೆ ಏರಿದಾಗ ಮೈ ಅದನ್ನು ಮೂತ್ರದಲ್ಲಿ ಹೊರಹಾಕಲು ನೋಡುತ್ತದೆ. ಅದಕ್ಕೇ ಪದೇ ಪದೇ ಹೋಗಬೇಕಾಗುತ್ತದೆ, ಅದಕ್ಕೇ ಬಾಯಾರುತ್ತದೆ. ನಾವು ಹೋಗುವುದು ಬೇಡವೆಂದು ಕುಡಿಯುವುದನ್ನೇ ಬಿಡುತ್ತೇವೆ. ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವ ನಮ್ಮ ಊರಲ್ಲಿ, ಬಾಯಿ ಒಣಗಿಸಿಕೊಂಡು ಪಿರಿಯಡ್ಡಿನ ಮೇಲೆ ಪಿರಿಯಡ್ ಮಾತಾಡುತ್ತೇವೆ. ರಕ್ತ ಗಟ್ಟಿಯಾಗುತ್ತದೆ, ಸಕ್ಕರೆಯ ಅಂಕಿ ಇನ್ನೂ ಏರುತ್ತದೆ, ಮೂತ್ರದ ಸೋಂಕು ತಗಲುತ್ತದೆ. ಸಕ್ಕರೆ ಇರುವವರಿಗೆ ಆ ಸೋಂಕು ಬೇಗ ಬರುತ್ತದೆ, ತಡವಾಗಿ ಹೋಗುತ್ತದೆ. ನನಗೆ ಎರಡು ಸಲ ಬಂದಿತ್ತು. ಎರಡನೆಯ ಸಲ ಒಂದು ವಾರ ದವಾಖಾನೆಯಲ್ಲಿ ಮಲಗಿದ ಮೇಲೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಅಧ್ಯಕ್ಷರು ಮೊದಲು ಮುಖ ತಿರುಗಿಸಿದರು. ಇಂಥ ಮಾತನ್ನು ಹೆಂಗಸರು ಸಭೆಯಲ್ಲಿ ಆಡುವುದೇ ಎಂಬಂತಿತ್ತು ಅವರ ಮುಖ. ಆದರೆ ಅವರ ಮನೆಯಾಕೆಗೂ ಸಕ್ಕರೆ ಇತ್ತು. ಹದಿನೈದು ದಿನದಲ್ಲಿ ಬಾಗಿಲಿಗೆ ಹೊಸ ಚಿಲಕ ಬಂತು, ಒಂದು ಪ್ಲಾಸ್ಟಿಕ್ ಪೀಪಾಯಿ ಬಂತು. ಈಗ ಶೌಚಾಲಯದ ಚಾವಿ ದೊಡ್ಡ ಹುಡುಗಿಯರ ಕೈಯಲ್ಲೂ ಇರುತ್ತದೆ. ಅವರೂ ನೀರು ಕುಡಿಯತೊಡಗಿದ್ದಾರೆ. ನನ್ನ ಬ್ಯಾನಿಯಿಂದ ಆದ ಒಳ್ಳೆಯದು ಇದೊಂದೇ ಎಂದರೂ ಸರಿ, ನನಗೆ ಅದರಲ್ಲಿ ಸಮಾಧಾನ ಇದೆ.

ಊಟದ ಬಗ್ಗೆ ನಿಮಗೆ ಎಲ್ಲರೂ ಉಪದೇಶ ಕೊಟ್ಟಿರುತ್ತಾರೆ. ಒಂದೆರಡು ಮಾತು ಮಾತ್ರ ಹೇಳುತ್ತೇನೆ. "ಜೋಳದ ರೊಟ್ಟಿ ತಿಂದ್ರ ಸಕ್ರಿ ಏರಂಗಿಲ್ಲ" ಎಂಬುದನ್ನು ನಾವು ಸೋದರತ್ತೆಯ ಬಾಯಿಂದ ಹಿಡಿದು ಬಸ್ಸಿನ ಕಂಡಕ್ಟರನ ಬಾಯಿವರೆಗೂ ಕೇಳಿದ್ದೇವೆ. ರೊಟ್ಟಿ ನಮ್ಮ ಭಾಗ್ಯ, ಅದನ್ನು ಬಿಡಬೇಕಿಲ್ಲ. ಆದರೆ ಜೋಳವೂ ಪಿಷ್ಟವೇ. ಅದೇ ಇಂಡಿಯಾಬ್ ಅಧ್ಯಯನದವರು 2025ರಲ್ಲಿ ಪ್ರಕಟಿಸಿದ ಊಟದ ಲೆಕ್ಕದಲ್ಲಿ, ನಮ್ಮ ದೇಶದ ಜನರ ಶಕ್ತಿಯಲ್ಲಿ ಸುಮಾರು ಶೇಕಡಾ 62 ಪಾಲು ಪಿಷ್ಟ-ಸಕ್ಕರೆಯಿಂದಲೇ ಬರುತ್ತದೆ ಎಂದಿದ್ದಾರೆ. ಅಕ್ಕಿ ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಿಂದರೆ ಅಪಾಯ ತಗ್ಗಿದ್ದು ಕಾಣಲಿಲ್ಲ, ಆ ಪಾಲನ್ನೇ ಸ್ವಲ್ಪ ಕಡಿಮೆ ಮಾಡಿ ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನು ಹೆಚ್ಚಿಸಿದರೆ ಕಂಡಿತು. ಇದನ್ನು ಓದಿದಾಗ ನನಗೆ ಎಳ್ಳ ಅಮಾವಾಸ್ಯೆ ನೆನಪಾಯಿತು. ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯಲ್ಲಿ ಎಷ್ಟು ಬಗೆಯ ಕಾಳು, ಎಷ್ಟು ಬಗೆಯ ಸೊಪ್ಪು! ತೊಗರಿಯ ಕಣಜದಲ್ಲಿ ಹುಟ್ಟಿದವರು ನಾವು. ಡಬ್ಬಿಯಲ್ಲಿ ನಾಲ್ಕು ರೊಟ್ಟಿಗೆ ಒಂದು ಚಮಚ ಹಿಂಡಿ ಹಾಕಿಕೊಂಡು ಹೋಗುತ್ತಿದ್ದವಳು, ಈಗ ಎರಡು ರೊಟ್ಟಿ, ಡಬ್ಬಿಯ ಅರ್ಧದಷ್ಟು ಪುಂಡಿ ಪಲ್ಯವೋ ಕಾಳಿನ ಪಲ್ಯವೋ, ಒಂದು ವಾಟಿ ಮೊಸರು ಒಯ್ಯುತ್ತೇನೆ. ಅಷ್ಟೇ ಬದಲಾವಣೆ.

ಕಮಲಾಪುರದ ಕೆಂಪು ಬಾಳೆಯ ಬಗ್ಗೆಯೂ ಹೇಳಲೇಬೇಕು. ಭೌಗೋಳಿಕ ಗುರುತು ಪಡೆದ ನಮ್ಮ ಹೆಮ್ಮೆಯ ಹಣ್ಣು ಅದು. ಅದು ಸಕ್ಕರೆ ಬ್ಯಾನಿಗೆ ಔಷಧ ಎಂದು ರಸ್ತೆ ಬದಿಯಲ್ಲಿ ಹೇಳುವವರಿದ್ದಾರೆ. ಹಣ್ಣು ಕೆಂಪಿದ್ದರೆ ಅದರೊಳಗಿನ ಸಕ್ಕರೆ ಮಾಯವಾಗುವುದಿಲ್ಲ. ಅರ್ಧ ಹಣ್ಣು ತಿಂದು ಎರಡು ತಾಸಿನ ಮೇಲೆ ಬೆರಳು ಚುಚ್ಚಿ ನೋಡಿ, ನಿಮ್ಮ ಮೈ ನಿಮಗೆ ಉತ್ತರ ಕೊಡುತ್ತದೆ. ಇನ್ನು ಶಾಲೆಯ ಬಿಸಿಯೂಟ: ಅದನ್ನು ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ಅದು ಮಕ್ಕಳ ಜೀವದ ಕೆಲಸ, ತಪ್ಪಿಸಬಾರದು. ಸಿಹಿ ಮಾಡಿದ ದಿನ ಒಂದು ಚಮಚ ಸಾಕು, ಅಥವಾ ಸಕ್ಕರೆ ಇಲ್ಲದ ಇನ್ನೊಬ್ಬರು ನೋಡಲಿ. ಆದರೆ ಅದನ್ನು ಕೇಳಬೇಕಾದರೆ ಮೊದಲು ಹೇಳಿರಬೇಕಲ್ಲವೇ?

ನನ್ನನ್ನು ಹೆಚ್ಚು ಕಾಡಿದ್ದು ಶಾಲೆಯ ಹೊರಗಿನ ಕೆಲಸ. 2024ರ ಮೇ 7ರಂದು ನಮ್ಮ ಲೋಕಸಭಾ ಕ್ಷೇತ್ರದ ಮತದಾನ, ನನಗೆ ಮತಗಟ್ಟೆಯ ಕೆಲಸ. ಹಿಂದಿನ ದಿನ ಮಸ್ಟರಿಂಗ್, ಪೆಟ್ಟಿಗೆ ಲೆಕ್ಕ, ಬಸ್ಸು, ರಾತ್ರಿ ಮತಗಟ್ಟೆಯಲ್ಲೇ ವಾಸ. ಬಿಸಿಲು ಯಾವ ಪರಿ ಇತ್ತೆಂದು ನಿಮಗೆ ಹೇಳಬೇಕಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವ ಪೆನ್ನು ಹೆಚ್ಚೆಂದರೆ 30 ಡಿಗ್ರಿಯೊಳಗೆ, ಸಾಮಾನ್ಯವಾಗಿ ನಾಲ್ಕು ವಾರ. ಬಿಸಿಲಿಗೆ ಬಿಟ್ಟ ಇನ್ಸುಲಿನ್ ಶಕ್ತಿ ಕಳೆದುಕೊಳ್ಳುತ್ತದೆ. ನೋಡಿದರೆ ಹಾಗೇ ಇರುತ್ತದೆ, ಚುಚ್ಚಿಕೊಂಡರೂ ಸಕ್ಕರೆ ಇಳಿಯುವುದಿಲ್ಲ. ಹಾಗಂತ ಮಂಜುಗಡ್ಡೆಗೆ ತಾಗಿಸಿಟ್ಟರೆ ಹೆಪ್ಪುಗಟ್ಟಿ ಅದೂ ಕೆಡುತ್ತದೆ. ನಾನು ಅಗಲ ಬಾಯಿಯ ಥರ್ಮಾಸಿನಲ್ಲಿ, ತಣ್ಣೀರಲ್ಲಿ ಹಿಂಡಿದ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಪೆನ್ನು ಇಟ್ಟುಕೊಂಡು ಹೋದೆ. ಮತಗಟ್ಟೆಯಿದ್ದ ಶಾಲೆಯಲ್ಲಿ ಫ್ರಿಜ್ ಇರಲಿಲ್ಲ. ಅಡುಗೆಯ ಅಕ್ಕ ಒಂದು ದೊಡ್ಡ ಗಡಿಗೆಯೊಳಗೆ ಹಸಿ ಉಸುಕು ತುಂಬಿ, ನಡುವೆ ಸಣ್ಣ ಗಡಿಗೆ ಇಟ್ಟು, ಅದರೊಳಗೆ ಇಡಲು ಹೇಳಿದಳು. ನೀರು ಆವಿಯಾಗುತ್ತಾ ಒಳಗಿನದು ತಣ್ಣಗಾಗುತ್ತದೆ. ವಿದ್ಯುತ್ ಇಲ್ಲದ ಕಡೆ ಡಾಕ್ಟರುಗಳೂ ಇದೇ ಉಪಾಯ ಹೇಳುತ್ತಾರೆ. ಜಗತ್ತಿನ ಹಲವು ಬಿಸಿ ನಾಡುಗಳಲ್ಲಿ ಇನ್ಸುಲಿನ್ ಹೀಗೂ ಉಳಿಯುತ್ತಿದೆ.

ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಅತ್ತ ಭೀಮೆ ಉಕ್ಕಿ ಹರಿಯುತ್ತಿದ್ದಳು, ಇತ್ತ ನಾವು ಮೊಬೈಲಿನಲ್ಲಿ ಅರವತ್ತು ಪ್ರಶ್ನೆ ಇಟ್ಟುಕೊಂಡು ಮನೆ ಮನೆ ಏರಿ ಇಳಿಯುತ್ತಿದ್ದೆವು. ನಮ್ಮ ಜನರ ಮನಸ್ಸು ದೊಡ್ಡದು, ಪ್ರತಿ ಮನೆಯಲ್ಲೂ ಛಾ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಹಿಡಿದರೂ ಹತ್ತು ಮನೆಗೆ ಎಷ್ಟಾಯಿತು? ಬೇಡ ಎಂದರೆ ಮುನಿಸು. ಮೊದಲ ದಿನ ಮೂರು ಕಪ್ಪು ಕುಡಿದೆ, ಊಟ ಬಿಟ್ಟೆ, ರಾತ್ರಿ ನೋಡಿದರೆ 290. ಎರಡನೆಯ ದಿನದಿಂದ ಹೊಸ್ತಿಲಲ್ಲೇ ಹೇಳತೊಡಗಿದೆ: "ಯವ್ವಾ, ನನಗ ಸಕ್ರಿ ಬ್ಯಾನಿ ಅದ. ಒಂದು ತಂಬಿಗಿ ನೀರು ಕೊಡ್ರಿ ಸಾಕು." ನೀರು ತರುತ್ತಾ ಆ ತಾಯಂದಿರು ಹೇಳುತ್ತಿದ್ದರು: "ನನಗೂ ಅದ ಅಕ್ಕೋರ." "ನಮ್ಮ ಯಜಮಾನರಿಗೂ ಅದ, ಆದ್ರ ಗುಳಿಗಿ ಬಿಟ್ಟಾರ." "ಕಾಲು ಜುಮು ಜುಮು ಅಂತಾವ, ಅದೂ ಇದೇ ಏನ್ರಿ?" ಒಂದು ಮನೆಯಲ್ಲಿ ಮೂವತ್ತೆರಡರ ಸೊಸೆ ಒಮ್ಮೆಯೂ ತಪಾಸಣೆ ಮಾಡಿಸಿರಲಿಲ್ಲ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಉಚಿತವಾಗಿ ನೋಡುತ್ತಾರೆ ಎಂದು ಹೇಳಿ ಬಂದೆ. ನಾನು ಮುಚ್ಚಿಟ್ಟಿದ್ದರೆ ಆ ಮಾತುಗಳಲ್ಲಿ ಒಂದೂ ಹೊರಗೆ ಬರುತ್ತಿರಲಿಲ್ಲ.

ಪರೀಕ್ಷೆಯ ಹಾಲ್ ಇನ್ನೊಂದು ಬಗೆ. ಎಸ್ಸೆಸ್ಸೆಲ್ಸಿ ಕೊಠಡಿ ಮೇಲ್ವಿಚಾರಕರಾದರೆ ಮೂರು ತಾಸಿಗೂ ಮಿಕ್ಕಿ ನಿಂತಿರಬೇಕು, ಅಲುಗಾಡುವಂತಿಲ್ಲ. 2024ರಿಂದ ಕ್ಯಾಮೆರಾ ಕಣ್ಣೂ ಇದೆ. ಮೇಲ್ವಿಚಾರಕಿ ಬಾಯಿಗೆ ಏನೋ ಹಾಕಿಕೊಂಡಳು ಎಂದು ಯಾರಾದರೂ ಬರೆದಾರು ಎಂದು ಅಂಜಿ, ಕೈ ನಡುಗುತ್ತಿದ್ದರೂ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ನಿಂತ ಗೆಳತಿ ನನಗಿದ್ದಾಳೆ. ಟೈಪ್ ಒಂದು ಮಧುಮೇಹ ಇರುವ ಮಕ್ಕಳು ಬೋರ್ಡ್ ಪರೀಕ್ಷೆಗೆ ಸಕ್ಕರೆ ಗುಳಿಗೆ, ಹಣ್ಣು, ತಿಂಡಿ, ನೀರು ಒಯ್ಯಬಹುದೆಂದು ಸಿಬಿಎಸ್‌ಇ 2017ರಲ್ಲೇ ಸುತ್ತೋಲೆ ಹೊರಡಿಸಿತು. ಮಕ್ಕಳಿಗೆ ಸಲ್ಲುವುದು ಮೇಷ್ಟ್ರಿಗೂ ಸಲ್ಲಬೇಕು. ಇದಕ್ಕೆ ದೊಡ್ಡ ಆದೇಶವೇನೂ ಬೇಕಿಲ್ಲ. ಪರೀಕ್ಷೆಗೆ ಮೊದಲು ನಡೆಯುವ ಸಭೆಯಲ್ಲಿ ಮುಖ್ಯ ಅಧೀಕ್ಷಕರು ಒಂದು ಮಾತು ಕೇಳಲಿ: ನಿಮ್ಮಲ್ಲಿ ಯಾರು ಇನ್ಸುಲಿನ್ ಅಥವಾ ಸಕ್ಕರೆ ಬ್ಯಾನಿಯ ಗುಳಿಗೆ ತೆಗೆದುಕೊಳ್ಳುತ್ತೀರಿ? ಅವರಿಗೆ ನಡುವೆ ಐದು ನಿಮಿಷ ಬದಲಿ ಕೊಡಲಿ. ಅಧೀಕ್ಷಕರಾಗಿ ಹೋಗುವ ಹಿರಿಯರು ಈ ಪತ್ರ ಓದುತ್ತಿದ್ದರೆ, ದಯವಿಟ್ಟು ಈ ಬಾರಿಯಿಂದಲೇ ಕೇಳಿ.

ಮೌಲ್ಯಮಾಪನಕ್ಕೆ ಹೋಗುವವರಿಗೆ ಒಂದು ಕಿವಿಮಾತು. ಸಕ್ಕರೆ ಏರಿಳಿಯುವಾಗ ಕಣ್ಣಿನ ಮಸೂರವೇ ಉಬ್ಬಿ ಇಳಿದು ನೋಟ ಮಸುಕಾಗುತ್ತದೆ. ಆ ವಾರ ಹೊಸ ಚಷ್ಮಾ ಮಾಡಿಸಬೇಡಿ, ಸಕ್ಕರೆ ಹತೋಟಿಗೆ ಬಂದ ಮೇಲೆ ಅದು ಹೊಂದುವುದಿಲ್ಲ. ಆದರೆ ಕಣ್ಣಿಗೆ ಹನಿ ಹಾಕಿ ಹಿಂಬದಿಯ ಪರದೆ ನೋಡುವ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಿ. ಪಾದಕ್ಕೂ ಹಾಗೆಯೇ, ದಿನವೂ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಶರಣಬಸವೇಶ್ವರ ಗುಡಿಯ ಅಂಗಳದಲ್ಲಾಗಲಿ, ಬಂದೇ ನವಾಜ್ ದರ್ಗಾದ ಹಾಸುಗಲ್ಲಿನ ಮೇಲಾಗಲಿ, ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಡೆಯಬೇಡಿ. ಸ್ಪರ್ಶ ತಗ್ಗಿದ ಕಾಲಿಗೆ ಸುಟ್ಟದ್ದು ತಿಳಿಯುವುದಿಲ್ಲ. ಬೆಳಗಿನ ಹೊತ್ತು ಹೋಗಿ ಬನ್ನಿ.

ಉಪವಾಸದ ಬಗ್ಗೆ ಮಾತಾಡಲು ನನಗೆ ಅಳುಕಿದೆ, ಅದು ಅವರವರ ಭಕ್ತಿ. ಶ್ರಾವಣ ಸೋಮವಾರ, ಶಿವರಾತ್ರಿ ನಾನೂ ಹಿಡಿಯುತ್ತಿದ್ದೆ. ಈಗ ಡಾಕ್ಟರನ್ನು ಕೇಳಿ, ಗುಳಿಗೆ ಬದಲಿಸಿಕೊಂಡು, ಹಾಲು-ಹಣ್ಣು ಮಿತವಾಗಿ ತೆಗೆದುಕೊಂಡು ಹಿಡಿಯುತ್ತೇನೆ. ರಮಜಾನಿನಲ್ಲಿ ರೋಜಾ ಇರುವ ನನ್ನ ಸಹೋದ್ಯೋಗಿಗಳು ಒಂದೂವರೆ-ಎರಡು ತಿಂಗಳ ಮುಂಚೆಯೇ ಡಾಕ್ಟರನ್ನು ಕಾಣಲಿ. ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದು ಧರ್ಮ ಬಲ್ಲವರೇ ಹೇಳಿದ್ದಾರೆ. ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ, 300 ದಾಟಿದರೆ ರೋಜಾ ಬಿಡಬೇಕು ಎಂಬುದು ಲೋಕದ ವೈದ್ಯರ ಮಾತು. ಮಧ್ಯಾಹ್ನದ ಕೊನೆಯ ಪಿರಿಯಡ್ಡುಗಳನ್ನು ಆ ತಿಂಗಳು ಅವರಿಗೆ ಕೊಡದೆ ಇರುವುದು ನಮ್ಮ ಕೈಯಲ್ಲಿದೆ.

ಸಕ್ಕರೆ ಇಲ್ಲದ ನನ್ನ ಬಂಧುಗಳೇ, ನಿಮಗೆ ಬೇರೆಯಾಗಿ ಹೇಳಬೇಕು. ನಿಮ್ಮ ಪಕ್ಕದವರ ಮಾತು ತೊದಲಿದರೆ, ಕಾರಣವಿಲ್ಲದೆ ರೇಗಿದರೆ, ಬೆವತರೆ, ಕೈ ನಡುಗಿದರೆ ಮೊದಲು ಸಕ್ಕರೆ ಕೊಡಿ, ಆಮೇಲೆ ಪ್ರಶ್ನೆ ಕೇಳಿ. 15 ಗ್ರಾಂ, ಅಂದರೆ ಮೂರು-ನಾಲ್ಕು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷ ಕಾಯಿರಿ, ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಕೊಡಿ. ಚಾಕೊಲೇಟು, ಬಿಸ್ಕತ್ತು ಬೇಡ, ಅವುಗಳ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಚೇತರಿಸಿಕೊಂಡ ಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಸಕ್ಕರೆ ಇರುವ ಮಗು ನಿಮ್ಮ ತರಗತಿಯಲ್ಲಿದ್ದರೂ ಇದೇ ಕ್ರಮ. ಆ ಮಗು ಮತ್ತೆ ಮತ್ತೆ ಹೊರಗೆ ಹೋಗಲು ಕೇಳಿದರೆ ಬಯ್ಯಬೇಡಿ.

ಅತಿಥಿ ಶಿಕ್ಷಕ ತಮ್ಮ-ತಂಗಿಯರೇ, ರಜೆ ಹಾಕಿದರೆ ಗೌರವಧನ ಹೋಗುತ್ತದೆಂದು ನೀವು ದವಾಖಾನೆಗೇ ಹೋಗುವುದಿಲ್ಲ. ನಿಮ್ಮ ಪರವಾಗಿ ನಾವು ಕಾಯಂ ಇರುವವರು ಒಂದು ದಿನ ನಿಮ್ಮ ಪಿರಿಯಡ್ ನೋಡಿಕೊಳ್ಳುತ್ತೇವೆ. ಕೇಳಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಬರಿ ಹೊಟ್ಟೆಯೂ ಬೇಕಿಲ್ಲ, ಶಾಲೆ ಬಿಟ್ಟ ಮೇಲೆಯೇ ಹೋಗಿ ಕೊಟ್ಟು ಬರಬಹುದು. 6.5 ಅಥವಾ ಅದರ ಮೇಲೆ ಬಂದರೆ ಸಕ್ಕರೆ ಇದೆ ಎಂದರ್ಥ, 5.7ರಿಂದ 6.4ರ ನಡುವೆ ಇದ್ದರೆ ತಡೆಯಲು ಇನ್ನೂ ಕಾಲವಿದೆ. ಗುಳಿಗೆಗೆ ದುಡ್ಡಿಲ್ಲವೆಂದರೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ.

ನವೆಂಬರ್ 14 ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. 1921ರಲ್ಲಿ ಟೊರಾಂಟೊದಲ್ಲಿ ಬೆಸ್ಟ್ ಜೊತೆ ಸೇರಿ ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಹುಟ್ಟಿದ ದಿನ ಅದು. 1922ರ ಜನವರಿಯಲ್ಲಿ ಆ ಇನ್ಸುಲಿನ್ ಮೊದಲು ಪಡೆದದ್ದು ಸಾವಿನ ಅಂಚಿನಲ್ಲಿದ್ದ ಹದಿನಾಲ್ಕು ವರ್ಷದ ಹುಡುಗ, ಲಿಯೊನಾರ್ಡ್ ಥಾಮ್ಸನ್. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸು. ಹೋದ ವರ್ಷದ ಮಕ್ಕಳ ದಿನ ನಾನು ಈ ಕಥೆಯನ್ನು ಅವರಿಗೆ ಹೇಳಿ, ನನ್ನ ಗ್ಲುಕೋಮೀಟರ್ ತೆಗೆದು, ಅವರೆದುರೇ ಬೆರಳು ಚುಚ್ಚಿಕೊಂಡು ತೋರಿಸಿದೆ. 142 ಬಂತು. "ಇದು ಛಲೋ ಏನ್ರಿ ಅಕ್ಕೋರ?" ಎಂದು ಕೇಳಿದರು. ಊಟವಾಗಿ ಎರಡು ತಾಸಾಗಿದೆ, ಛಲೋ ಎಂದೆ. ಚಪ್ಪಾಳೆ ತಟ್ಟಿದರು.

ನನ್ನ ಟೇಬಲ್ಲಿನ ಬಲಗಡೆಯ ಖಾನೆಗೆ ಈಗ ಬೀಗ ಹಾಕುವುದಿಲ್ಲ. ಅದರಲ್ಲಿ ನಾಲ್ಕು ಚಮಚದಂತೆ ಅಳೆದು ಕಟ್ಟಿದ ಮೂರು ಸಕ್ಕರೆ ಪೊಟ್ಟಣ, ಒಂದು ಲೋಟ, ಗ್ಲುಕೋಮೀಟರ್, ನನ್ನ ಗುಳಿಗೆಗಳ ಹೆಸರು ಮತ್ತು ಮನೆಯವರ ಫೋನ್ ನಂಬರ್ ಬರೆದ ಕಾರ್ಡು ಇವೆ. ವಿಜ್ಞಾನದ ಸರ್‌ಗೆ, ಅಡುಗೆಯ ತಾಯಿಗೆ, ಪ್ರತಿ ತರಗತಿಯ ಇಬ್ಬರು ಮಕ್ಕಳಿಗೆ ಅದು ಗೊತ್ತು. ಇರುವೆ ಮುತ್ತುತ್ತವೆಂದು ಪೊಟ್ಟಣಗಳನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟವಳು ಹತ್ತನೆಯ ತರಗತಿಯ ಒಬ್ಬ ಹುಡುಗಿ. ತಿಂಗಳಿಗೊಮ್ಮೆ ಅವಳೇ ಬಂದು ಸಕ್ಕರೆ ಬದಲಿಸುತ್ತಾಳೆ. ಮುಂದಿನ ಸಮಾಲೋಚನಾ ಸಭೆಯಲ್ಲಿ ಸಿಕ್ಕಾಗ, ನಿಮ್ಮ ಖಾನೆಯಲ್ಲಿ ಏನಿದೆ, ಅದು ಯಾರಿಗೆ ಗೊತ್ತಿದೆ ಎಂದು ನಾನು ಕೇಳುತ್ತೇನೆ. ಸಿಟ್ಟಾಗಬೇಡಿ.

ನಿಮ್ಮವಳೇ,
ಒಬ್ಬ ಕನ್ನಡ ಶಿಕ್ಷಕಿ
ಸ್ಟೇಶನ್ ಬಜಾರ, ಕಲಬುರಗಿ